ಖಾರದ ಡಬ್ಬಿ, ಒಂದು ಸೇರು ಜೋಳ

ನಮ್ಮ ಮನೆಯಲ್ಲಿ ಯಾರಾದರೂ "ಖಾರ ತೀರ್ತು" ಅಂದರೆ ಟಿ.ವಿ. ಬಂದ್ ಆಗುತ್ತದೆ. ಉಪ್ಪು ತೀರಿದರೆ ಮೂಲೆಯ ಅಂಗಡಿಗೆ ಹೋಗುತ್ತೇವೆ, ಸಕ್ಕರೆ ತೀರಿದರೆ ಬೆಲ್ಲದ ಚಹಾ ಕುಡಿಯುತ್ತೇವೆ. ಖಾರ ಹಾಗಲ್ಲ. ಬೇಸಿಗೆಯಲ್ಲಿ ಒಮ್ಮೆ ಮೆಣಸಿನಕಾಯಿ, ಹವೀಜ ಎನ್ನುವ ಕೊತ್ತಂಬರಿ ಬೀಜ, ಒಣ ಕೊಬ್ಬರಿ, ಬಳ್ಳೊಳ್ಳಿ, ಕಲ್ಲುಹೂ ಎಲ್ಲ ಹುರಿದು ಬೀಸಿ ಇಟ್ಟರೆ ಮುಂದಿನ ಬೇಸಿಗೆಯ ತನಕ ಬರಬೇಕು. ನಡುವೆ ತೀರಿದರೆ ಮನೆಯ ಹೆಂಗಸಿನ ಅಂದಾಜು ತಪ್ಪಿತು ಎಂದೇ ಅರ್ಥ. ಮೈಸೂರು ಕಡೆಯ ಗೆಳತಿಯೊಬ್ಬಳು ಫೋನಿನಲ್ಲಿ ಇದನ್ನು ಕೇಳಿ, "ಖಾರ ಅಂದ್ರೆ ರುಚಿ ಅಲ್ವಾ? ರುಚಿ ಹೇಗೆ ತೀರುತ್ತೆ? ಖಾರದ ಪುಡಿ ಅನ್ನಿ" ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಮ್ಮ ಕಡಿ ಖಾರಕ್ಕ ಪುಡಿ ಅನ್ನೋ ಬಾಲ ಹಚ್ಚಂಗಿಲ್ಲವಾ" ಎಂದು ಫೋನ್ ಇಟ್ಟೆ.

ನಾನು ಹುಟ್ಟಿದ್ದು ತಾಂಡೂರು, ಕೊಟ್ಟದ್ದು ಜಹೀರಾಬಾದಿಗೆ, ಅತ್ತೆಯವರ ತವರು ನಾರಾಯಣಖೇಡ. ತೆಲುಗು ಗಡಿಯ ಈ ಮೂರೂ ಊರಿನಲ್ಲಿ ಖಾರ 'ಇರುವುದಿಲ್ಲ', 'ಹತ್ತುತ್ತದೆ'. ಉಣ್ಣುತ್ತ ಕೂತವರು ಥಟ್ಟನೆ ಮಾತು ನಿಲ್ಲಿಸಿ ಮೂಗು ಒರೆಸಿಕೊಂಡರೆ "ಯಾಕ, ಖಾರ ಹತ್ತಿತೇನು?" ಎಂದು ಕೇಳಬೇಕು. ಅವರು ಕಣ್ಣಲ್ಲಿ ನೀರು ತುಂಬಿಕೊಂಡೇ "ಇಲ್ರಿ, ಮಜಾ ಅದ" ಎನ್ನಬೇಕು. ಹತ್ತಿತು ಎಂದು ಒಪ್ಪಿಕೊಂಡವನನ್ನು ನಾವು ಮುಂದೆ ಎಷ್ಟೋ ಸಲ ಆಡಿಕೊಳ್ಳುತ್ತೇವೆ.

ಇನ್ನು ಮನೆಗೆ ಬಂದವರಿಗೆ "ಸೀ ತರಲೋ, ಖಾರ ತರಲೋ?" ಎಂದು ಕೇಳುವಾಗ ಖಾರ ಎಂದರೆ ಸಿಹಿಯಲ್ಲದ್ದು, ಅಷ್ಟೇ. ಅದು ಚೂಡಾ ಇರಬಹುದು, ಉಪ್ಪಿಟ್ಟು ಇರಬಹುದು, ಮೆಣಸಿನಕಾಯಿಯ ಗಾಳಿಯೂ ಸೋಕದ ಸೇವು ಇರಬಹುದು. ಬೇಕರಿಯಲ್ಲಿ ಖಾರಾ ಬಿಸ್ಕತ್ತು ಕೇಳಿದರೆ ಪದರ ಪದರದ ಉಪ್ಪಿನ ಬಿಸ್ಕತ್ತು ಕೊಡುತ್ತಾರೆ. ದಖನಿ ಮಾತನಾಡುವ ಗಿರಣಿ ಚಾಚಾ ತನ್ನ ಬೋರಿನ ಉಪ್ಪು ನೀರಿಗೆ "ಖಾರಾ ಪಾನಿ" ಎನ್ನುತ್ತಾನೆ. ಪಕ್ಕದ ಮನೆಯ ತೆಲುಗು ಅತ್ತೆ "ಕಾರಂ" ಎಂದು ಕೈಯೊಡ್ಡಿದರೆ ಮಾತ್ರ ಅದು ನಮ್ಮದೇ ಖಾರ, ಬಟ್ಟಲು ತುಂಬಿ ಕೊಡಬೇಕು. ಒಂದೇ ಓಣಿಯಲ್ಲಿ ಒಂದೇ ಮಾತು ಇಷ್ಟು ವೇಷ ಹಾಕಿದರೂ ನಮ್ಮಲ್ಲಿ ಯಾರಿಗೂ ಗಡಿಬಿಡಿಯಾಗುವುದಿಲ್ಲ.

ಮನುಷ್ಯರಿಗೂ ಖಾರ ಎನ್ನುತ್ತೇವೆ. ಗಂಡಿನವರು ನನ್ನನ್ನು ನೋಡಲು ಬಂದಾಗ ನಮ್ಮ ದೊಡ್ಡಪ್ಪ ಮೊದಲೇ ಹೇಳಿ ಕೈ ತೊಳೆದುಕೊಂಡಿದ್ದ: "ಹುಡುಗಿ ಸ್ವಲ್ಪ ಖಾರ ಅದಾಳ್ರಿ. ಖರೆ, ಮನಸು ಸಾಫ್ ಅದ." ನಮ್ಮ ಮಾವ ನಕ್ಕು, "ಇರ್ಲಿ ಬಿಡ್ರಿ, ನಮ್ಮನ್ಯಾಗ ಮೊದಲೇ ಒಬ್ಬಾಕಿ ಅದಾಳ. ಜೋಡಿ ಆಗ್ತದ" ಎಂದರಂತೆ. ಆ ಮೊದಲಿನ ಒಬ್ಬಾಕಿ ಎಂದರೆ ನಮ್ಮ ಅತ್ತೆ.

ಅತ್ತೆಯವರ ಖಾರಕ್ಕೆ ಓಣಿಯಲ್ಲೆಲ್ಲ ಹೆಸರು. ನಾನು ಬಂದು ಎಷ್ಟೋ ವರ್ಷವಾದರೂ, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದರೂ, ಖಾರದ ಬಾಣಲೆಯ ಮುಂದೆ ನನ್ನನ್ನು ನಿಲ್ಲಗೊಡುತ್ತಿರಲಿಲ್ಲ. ತೊಟ್ಟು ಬಿಡಿಸುವುದು ನನ್ನ ಕೆಲಸ, ಕೆಮ್ಮುವುದು ನನ್ನ ಕೆಲಸ. ಹುರಿಯುವುದು ಅವರದು. ಬ್ಯಾಳಿ, ಪಲ್ಯ, ಹೋಳಿಗೆ ಎಲ್ಲ ನನ್ನ ಕೈಗೆ ಬಿಟ್ಟಿದ್ದರು, ಖಾರ ಒಂದನ್ನು ಬಿಟ್ಟು. ಯಾರಾದರೂ ಅಡುಗೆ ಹೊಗಳಿದರೆ "ಖಾರ ನಂದದ" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು.

ಗಿರಣಿಯಲ್ಲೂ ಅವರದೊಂದು ಕಾಯಿದೆ ಇತ್ತು. ನಮ್ಮ ಕಡೆ ಖಾರದ ಗಿರಣಿಗೆ ಹೋದವರೆಲ್ಲ ಹಿಂದಿನವರ ಖಾರ ತಮ್ಮದಕ್ಕೆ ಸೇರದಂತೆ ಮೊದಲು ಒಂದು ಹಿಡಿ ಜೋಳ ಬೀಸಿಸುತ್ತಾರೆ. ಅದಕ್ಕೆ ಗಿರಣಿ ತೊಳೆಯುವುದು ಎನ್ನುತ್ತೇವೆ. ಅತ್ತೆಯವರಿಗೆ ಹಿಡಿ ಸಾಲದು, ಸೇರು ಬೇಕು. "ಮಂದಿ ಖಾರ ನಮ್ಮ ಖಾರಕ್ಕ ಹತ್ತಬಾರದು" ಎನ್ನುತ್ತಿದ್ದರು. ಮಂದಿ ಎಂದರೆ ಯಾರು ಎಂದು ಬಿಡಿಸಿ ಹೇಳುತ್ತಿರಲಿಲ್ಲ, ಹೇಳದಿದ್ದರೂ ಎಲ್ಲರಿಗೂ ತಿಳಿಯುತ್ತಿತ್ತು. ಆ ಕೆಂಪಾದ ಜೋಳದ ಹಿಟ್ಟು ಗಿರಣಿ ಚಾಚಾನ ಮನೆಗೆ ಹೋಗುತ್ತದೆ. ಅವನ ಮನೆಯಲ್ಲಿ ಬೇಸಿಗೆಯಿಡೀ ಆ ಹಿಟ್ಟಿನದೇ ರೊಟ್ಟಿ, ಬದಿಗೆ ಪಲ್ಯವೇ ಬೇಕಾಗುವುದಿಲ್ಲವಂತೆ.

ಕೆಲವು ವರ್ಷದ ಹಿಂದೆ ಅತ್ತೆಯವರ ಮೊಣಕಾಲಿನ ಆಪರೇಶನ್ ಆಯಿತು. ಬೇಸಿಗೆ ಬಂತು, ನಿಲ್ಲಲು ಬರುವುದಿಲ್ಲ. ಮಂಚದ ಮೇಲೆ ಕೂತು ಬಹಳ ಹೊತ್ತು ಜಪಮಣಿ ತಿರುಗಿಸಿ ಕಡೆಗೆ ಹೇಳಿದರು: "ಈ ಸಲ ನೀನೇ ಮಾಡು. ನಾ ಬಾಯಿ ಹಾಕಂಗಿಲ್ಲ. ಛಲೋ ಆತಂದ್ರ ಇನ್ನ ಮುಂದ ಖಾರ ನಿಂದು. ಕೆಡಸಿದೆಂದ್ರ ಬರೋ ವರ್ಷ ನಮ್ಮ ತಂಗಿಗಿ ಕರಸ್ತೀನಿ."

ಅವರ ತಂಗಿ ನಾರಾಯಣಖೇಡದಲ್ಲಿದ್ದಾರೆ. ಬಂದರೆ ಒಂದು ದಿನದ ಕೆಲಸಕ್ಕೆ ಒಂದು ತಿಂಗಳು ಇರುತ್ತಾರೆ. ನಾನು ಹೊಸೆದ ದೀಪದ ಬತ್ತಿಯಿಂದ ಹಿಡಿದು ನನ್ನ ಮಕ್ಕಳ ಮೂಗಿನ ತನಕ ಎಲ್ಲದರಲ್ಲೂ ಕೊಂಕು ತೆಗೆದು ಹೆಸರಿಡುತ್ತಾರೆ, ಆಮೇಲೆ ಉಪ್ಪು ಖಾರ ಹಚ್ಚಿ ಊರಿಗೆಲ್ಲ ಹೇಳುತ್ತಾರೆ. ನಾನು ಸೆರಗು ಸಿಕ್ಕಿಸಿದೆ.

ಮೂರು ಊರಿನ ವಿದ್ಯೆಯನ್ನೂ ಬಾಣಲೆಗೆ ಸುರಿದೆ. ಬಣ್ಣಕ್ಕೆ ಬ್ಯಾಡಗಿ, ಚುರುಕಿಗೆ ಗುಂಟೂರು, ನಮ್ಮ ತಾಂಡೂರಿನ ರೂಢಿಯಂತೆ ಹವೀಜ ಕೈ ಎತ್ತಿ ಹಾಕಿದೆ. ಮನೆ ತುಂಬ ಘಾಟು. ಗಂಡ ಛತ್ರಿ ಇಲ್ಲದೆ ಬಿಸಿಲಿಗೆ ಓಡಿದ, ಮಕ್ಕಳು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡವು. ಅತ್ತೆ ಮಾತ್ರ ಮಂಚ ಬಿಡದೆ ಮೂಗಿಗೆ ಸೆರಗು ಹಿಡಿದು ಕೂತು, ಬಾಯಿ ಹಾಕುವುದಿಲ್ಲ ಎಂದದ್ದನ್ನು ಮರೆತು, "ಇನ್ನೊಂದೀಟು ಹುರಿ... ಇನ್ನೊಂದೀಟು" ಎನ್ನುತ್ತಲೇ ಇದ್ದರು.

ಗಿರಣಿಯಲ್ಲಿ ಅಂದು ಜಾತ್ರೆಯಂಥ ಮಂದಿ. ನನ್ನ ಹಿಂದೆ ನ್ಯಾಲ್ಕಲ್ ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬಾಕಿ ನಿಂತಿದ್ದಳು, ನನ್ನದೇ ವಯಸ್ಸು. "ಯಕ್ಕಾ, ನಮ್ಮ ಆಟೋ ಹೋಗಿಬಿಡ್ತದ, ನಂದು ಮೊದಲು ಬೀಸ್ಲಿ" ಎಂದಳು. "ಎಲ್ಲಾರ ಆಟೋನೂ ಹೋಗ್ತದ, ಪಾಳಿ ಪಾಳಿನೇ" ಎಂದೆ. "ಯವ್ವ, ಮೆಣಸಿನಕಾಯಿ ಚೀಲದಾಗ ಅದನೋ ಬಾಯಾಗ ಅದನೋ?" ಎಂದು ಆಕೆ ಅಂದದ್ದಕ್ಕೆ ಸಾಲೆಲ್ಲ ನಕ್ಕಿತು. ನನಗೂ ನಗು ಬಂತು, ಆದರೆ ಪಾಳಿ ಬಿಡಲಿಲ್ಲ.

ನನ್ನದು ಬೀಸಿ ಆಯಿತು, ಆಮೇಲೆ ಆಕೆಯದು. ಬಿಸಿ ಖಾರ ಕಟ್ಟಿದರೆ ಕಪ್ಪಾಗುತ್ತದೆಂದು ಎಲ್ಲರೂ ಡಬ್ಬಿ ಬಾಯಿ ತೆರೆದು ಬೇವಿನ ಗಿಡದ ಕೆಳಗೆ ಆರಲು ಇಡುತ್ತೇವೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೀಸದೆ ಉಳಿದವರು ಚಾಚಾನ ಮೇಲೆ, ಚಾಚಾ ಕರೆಂಟಿನವರ ಮೇಲೆ ಕೂಗಾಡತೊಡಗಿದರು. ನಾನು ಆರಿದ ಡಬ್ಬಿಗೆ ಹಸಿರು ಬಟ್ಟೆ ಕಟ್ಟಿಟ್ಟು ಆ ಜಗಳದೊಳಗೆ ನನ್ನ ಪಾಲು ಹಾಕಲು ಹೋದೆ. ತಿರುಗಿ ಬಂದಾಗ ನ್ಯಾಲ್ಕಲ್‌ನ ಆಟೋ ಧೂಳೆಬ್ಬಿಸಿ ಹೋಗಿತ್ತು. ಗಿಡದ ಕೆಳಗೆ ಹಸಿರು ಬಟ್ಟೆ ಕಟ್ಟಿದ ಎಣ್ಣೆಯ ತಗಡಿನ ಡಬ್ಬಿ ಇತ್ತು. ಹೊತ್ತು ಮನೆಗೆ ಬಂದೆ.

ಇಲ್ಲೊಂದು ಮಾತು ಹೇಳಬೇಕು. ಆ ಹಸಿರು ಬಟ್ಟೆ ಬತುಕಮ್ಮ ಹಬ್ಬಕ್ಕೆ ಸರ್ಕಾರದವರು ರೇಶನ್ ಕಾರ್ಡಿದ್ದ ಹೆಂಗಸರಿಗೆಲ್ಲ ಹಂಚಿದ ಸೀರೆಯದು. ಅತ್ತೆಯವರು ಅದನ್ನು ಒಂದು ದಿನವೂ ಉಡದೆ ಹರಿದು ಡಬ್ಬಿಗೆ ಕಟ್ಟುವ ಬಟ್ಟೆ ಮಾಡಿದ್ದರು. ಅದೇ ಬಣ್ಣದ ಸೀರೆ ಇನ್ನೆಷ್ಟು ಮನೆಗೆ ಹೋಗಿದೆ, ಇನ್ನೆಷ್ಟು ಅತ್ತೆಯರು ಅದನ್ನು ಹರಿದು ಡಬ್ಬಿಗೆ ಕಟ್ಟಿದ್ದಾರೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹೊಸ ಖಾರದ ಮೊದಲ ಅಡುಗೆ ಬದನೆಕಾಯಿ ತುಂಬುಗಾಯಿ ಪಲ್ಯ. ಡಬ್ಬಿ ಬಿಚ್ಚಿದಾಗ ಬಣ್ಣ ಸ್ವಲ್ಪ ಕಪ್ಪು ಕಂಡಿತು. ಗಿರಣಿ ಬಿಸಿಯಾಗಿ ಹೀಗಾಗಿದೆ ಎಂದುಕೊಂಡೆ. ವಾಸನೆಯೂ ಬೇರೆ ಅನಿಸಿತು, ಅತ್ತೆ ಇನ್ನೊಂದೀಟು ಇನ್ನೊಂದೀಟು ಎಂದು ಹುರಿಸಿದ ಫಲ ಎಂದುಕೊಂಡೆ. ಅತ್ತೆ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟರು. ಅಗಿಯುತ್ತಲೇ ಇದ್ದರು. ಅವರ ಹಣೆ ಮೇಲೆ ಸಣ್ಣಗೆ ಬೆವರು ಮೂಡಿತು.

"ಖಾರ ಅಂದ್ರ ಇದು ನೋಡು!" ಎಂದರು. "ನಾಲಗಿಗಿ ಆಮ್ಯಾಲ, ಮೊದಲು ಮೂಗಿಗಿ ಗೊತ್ತಾಗ್ತದ. ನಮ್ಮವ್ವ ಮಾಡ್ತಿದ್ಳು ಹಿಂಗ."

ಎಷ್ಟು ವರ್ಷದ ಮೇಲೆ ಕೇಳಿದ ಮಾತು! ನಾನು ಹಿತ್ತಿಲಿಗೆ ಹೋಗಿ ಬಟ್ಟೆ ಒಣಹಾಕುವ ನೆಪದಲ್ಲಿ ಒಬ್ಬಳೇ ನಕ್ಕೆ. ಅತ್ತೆ ನಾರಾಯಣಖೇಡಕ್ಕೆ ಫೋನ್ ಹಚ್ಚಿ, "ನೀ ಬರೂದೇನ್ ಬ್ಯಾಡ, ನಮ್ಮ ಸೊಸಿ ಕಲ್ತಾಳ" ಎಂದರು. ಅಷ್ಟಕ್ಕೇ ಬಿಡದೆ ಒಂದು ಪೊಟ್ಟಣ ಕಟ್ಟಿ ತಂಗಿಗೆ ಕಳಿಸಿಯೂ ಕೊಟ್ಟರು. ಆ ತಂಗಿ ತಿಂದು ಹೆಸರಿಡಲು ಏನೂ ಸಿಗದೆ "ಉಪ್ಪು ಜರಾ ಕಡಿಮಿ" ಎಂದರಂತೆ. ಖಾರಕ್ಕೆ ಉಪ್ಪು ಹಾಕುವುದೇ ಇಲ್ಲ ನಾವು. ನಾನು ಗೆದ್ದಿದ್ದೆ.

ಮುಂಗಾರಿನ ಬಿತ್ತನೆ ಮುಗಿದ ಹೊತ್ತಿಗೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಆ ಗಿರಣಿಯ ಹೆಂಗಸು ನಿಂತಿದ್ದಳು. ಸೊಂಟದ ಮೇಲೆ ತಗಡಿನ ಡಬ್ಬಿ, ಅದಕ್ಕೆ ಹಸಿರು ಬಟ್ಟೆ. ಅತ್ತೆ ಪಡಸಾಲೆಯಲ್ಲಿ ಉಣ್ಣುತ್ತ ಕೂತಿದ್ದರು.

"ಯಕ್ಕಾ, ಚಾಚಾನ ಕಡಿಂದ ನಿಮ್ಮ ಮನಿ ಪತ್ತೆ ಹಚ್ಕೊಂಡು ಬಂದೀನಿ" ಎಂದಳು. "ನಿಮ್ಮ ಖಾರ ನಮ್ಮನಿಗಿ ಬಂದದ, ನಮ್ದು ನಿಮ್ಮನ್ಯಾಗ ಅದ. ಗಂಟು ನೋಡೇ ನನಗ ಸಂಶಯ ಬಂದಿತ್ತು, ನಾ ಹಿಂಗ ಗಂಟು ಹಾಕಂಗಿಲ್ಲ. ಹೊಲದ ಕೆಲಸದಾಗ ಬರಾಕ ಆಗಿದ್ದಿಲ್ಲ. ನಮ್ಮ ಖಾರ ನಮಗ ಕೊಡ್ರಿ. ಇದೇನ್ ಖಾರ ರೀ ಇದು, ಹಲ್ಲೇ ಇಲ್ಲ ಇದಕ್ಕ! ನಮ್ಮ ಮನಿಯಾಂವ ದಿನಾ ತಾಟು ಸರಸಿ ಏಳ್ತಾನ."

ನನ್ನ ಖಾರಕ್ಕೆ ಹಲ್ಲಿಲ್ಲ ಎಂದದ್ದಕ್ಕೆ ಸಿಟ್ಟು, ಹೊಗಳಿಕೆಯೆಲ್ಲ ಆಕೆಯದಾಯಿತಲ್ಲ ಎಂಬ ಸಂಕಟ, ಎಲ್ಲಕ್ಕಿಂತ ಮೇಲೆ ಅತ್ತೆಯ ಮುಖ. ಅವರ ಕೈಯ ತುತ್ತು ಅಲ್ಲೇ ನಿಂತಿತ್ತು.

"ಯಾವೂರವ್ವಾ?" ಎಂದು ಕೇಳಿದರು ಅತ್ತೆ. ಆಕೆ ಊರ ಹೆಸರು ಹೇಳಿದಳು. "ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಅರ್ಥ. ಆಕೆ ಡಬ್ಬಿಯನ್ನು ಕೆಳಗಿಟ್ಟು ನೆಟ್ಟಗೆ ನಿಂತಳು. "ಬುದ್ಧ ವಿಹಾರದ ಓಣಿಯವರು ರೀ" ಎಂದಳು. ದನಿ ಒಂದೀಟೂ ಇಳಿಯಲಿಲ್ಲ.

ಅತ್ತೆಯವರ ಕೊರಳಲ್ಲಿ ಲಿಂಗ, ಹಣೆಯ ಮೇಲೆ ಬೆಳಗಿನ ವಿಭೂತಿ, ಮುಂದಿನ ತಾಟಿನಲ್ಲಿ ಆಕೆಯ ಖಾರದ ಪಲ್ಯ. ಬೇಸಿಗೆಯಿಂದ ಅದನ್ನೇ ಉಂಡಿದ್ದಾರೆ, ತಮ್ಮ ಅವ್ವನ ಕೈರುಚಿ ಎಂದಿದ್ದಾರೆ, ತಂಗಿಗೂ ಉಣಿಸಿದ್ದಾರೆ. ಅವರು ತಾಟು ಸರಿಸಿ ಏಳುತ್ತಾರೆ ಎಂದೇ ನಾನು ಅಂದುಕೊಂಡೆ. ಎದ್ದಿದ್ದರೆ ಆಕೆಯ ಮುಂದೆ ಮುಖ ಎತ್ತಿ ಮಾತನಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಅತ್ತೆ ಕೈಯಲ್ಲಿದ್ದ ತುತ್ತು ನೋಡಿದರು. ಬಾಯಿಗಿಟ್ಟು ಅಗಿದು ನುಂಗಿದರು. ಆಮೇಲೆ ನನಗೆ, "ನಿನ್ನ ಡಬ್ಬಿ ಬಿಚ್ಚು" ಎಂದರು. ಬಿಚ್ಚಿದೆ. ಒಂದು ಚಿಟಿಕೆ ನಾಲಗೆಗಿಟ್ಟುಕೊಂಡರು. "ಹವೀಜ ಭಾಳ ಆಗ್ಯದ. ತಾಂಡೂರ ಕೈ."

ನನಗೆ ಅಳುವೇ ಬಂತು. ಆಗ ಆಕೆಯೇ ನಡುವೆ ಬಾಯಿ ಹಾಕಿದಳು. "ಹಂಗೇನಿಲ್ರಿ ಅವ್ವಾರೆ. ನಮ್ಮ ಅತ್ತಿಗಿ ಹೊಟ್ಟಿ ಸರಿ ಇಲ್ಲ, ಎಷ್ಟೋ ದಿನ ಆಗಿತ್ತು ಖಾರ ಬಿಟ್ಟು. ಈ ಯಕ್ಕನ ಖಾರ ಬಂದ ಮ್ಯಾಲೆ ದಿನಾ ಎಣ್ಣಿ ಹಾಕ್ಕೊಂಡು ರೊಟ್ಟಿಗಿ ಹಚ್ಕೊಂಡು ತಿಂತಾಳ. ಇದನ್ನ ತಿರುಗಿ ಕೊಡಾಕ ಹೊಂಟೀನಿ ಅಂದ್ರ ಬೈದು ಕಳಿಸ್ಯಾಳ ನನಗ."

ಅತ್ತೆಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. "ಎಲ್ಲಾ ಅತ್ತ್ಯಾರ ಹಣೆಬರಾನೂ ಒಂದೇ, ಮಂದಿ ಸೊಸಿ ಕೈಯಿಂದೇ ಛಲೋ ಹತ್ತತದ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ನಿಂತು ಏನ್ ನೋಡ್ತಿ? ಬಿಸಿಲಾಗ ಬಂದಾಳ, ತಾಟು ತಾ."

ನಾನು ಒಳಗೆ ಹೋಗಿ ಗೂಡಿನ ಮುಂದೆ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ಕೆಲಸದವರಿಗೆ, ಹೊಲದವರಿಗೆ ಎಂದು ಕೆಳಗಿನ ಹಲಗೆಯ ಮೇಲೆ ಬೇರೆ ತಾಟು ಇದ್ದವು. ಯಾವುದು ತೆಗೆಯಲಿ ಎಂದು ಕೇಳಲೂ ಬಾಯಿ ಬರಲಿಲ್ಲ. ಪಡಸಾಲೆಯಿಂದ ಅತ್ತೆಯವರ ಕೂಗು ಬಂತು: "ನಾವು ಉಣ್ಣೋ ತಾಟು ತಾ! ಎಷ್ಟೊತ್ತು?"

ಆಕೆ "ಉಂಡೇ ಬಂದೀನ್ರಿ" ಎಂದಳು, ಅತ್ತೆ ಕೇಳಲಿಲ್ಲ. ಎದುರು ಬದುರು ಕೂತು ಉಂಡರು. ಆಕೆ ತನ್ನದೇ ಖಾರದ ಪಲ್ಯ ತಿಂದು "ಕೈ ಛಲೋ ಅದ ಯಕ್ಕಾ ನಿಂದು, ಖಾರ ಒಂದು ಬಿಟ್ರ" ಎಂದಳು. ನಾನು ಸೌಟು ಎತ್ತಿ ಹೆದರಿಸಿದೆ. ಡಬ್ಬಿ ಹಂಚುವಾಗ ಅತ್ತೆ ಪಟ್ಟು ಹಿಡಿದರು. ಆಕೆಯದನ್ನು ಪೂರಾ ತಿರುಗಿ ಕೊಡಲು ಸುತಾರಾಂ ಒಪ್ಪಲಿಲ್ಲ. ಕಡೆಗೆ ಎರಡೂ ಡಬ್ಬಿಯಿಂದ ಅರ್ಧ ಅರ್ಧ ಮಾಡಿ ಎರಡು ಮನೆಗೂ ಎರಡು ತರಹದ ಖಾರ ಆಯಿತು. ಹೋಗುವಾಗ ಆಕೆಯ ಫೋನ್ ನಂಬರನ್ನು ಅತ್ತೆಯೇ ಬರೆಸಿಕೊಂಡರು.

ಎಲ್ಲ ಸರಿ, ನನ್ನ ಗತಿ ಏನು? ಖಾರ ನನಗೆ ಬಂತೋ ಇಲ್ಲವೋ? ರಾತ್ರಿ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿಯೇ ಬಿಟ್ಟೆ: "ಅತ್ತಿ, ಬರೋ ವರ್ಷ ಸಣ್ಣತ್ತಿಗಿ ಕರಸ್ತೀರೇನು?"

"ಬರೋ ವರ್ಷದ ಮಾತು ಬರೋ ವರ್ಷ" ಎಂದು ಆ ಕಡೆ ಹೊರಳಿ ಮಲಗಿದರು. ಇಡೀ ವರ್ಷ ನಾನು ಆ ಮಾತನ್ನು ಕಡಲೆಯಂತೆ ಅಗಿದೆ. ಎರಡೂ ಖಾರ ಗೂಡಿನಲ್ಲಿ ಅಕ್ಕಪಕ್ಕ ಇದ್ದವು. ಬದನೆಕಾಯಿಗೆ ಆಕೆಯದು, ಬ್ಯಾಳಿಗೆ ನನ್ನದು ಎಂದು ರೂಢಿ ಬಿತ್ತು. ಒಮ್ಮೊಮ್ಮೆ ಯಾರೂ ನೋಡದಾಗ ನಾನು ಎರಡನ್ನೂ ಕಲಸಿ ಹಾಕುತ್ತಿದ್ದೆ, ಅತ್ತೆ ಆ ದಿನ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದರು.

ಬೇಸಿಗೆ ಮತ್ತೆ ಬಂತು. ನಾರಾಯಣಖೇಡದಿಂದ ಯಾರೂ ಬರಲಿಲ್ಲ, ಬರಬೇಡ ಎಂದೂ ಅತ್ತೆ ಹೇಳಿದ್ದು ನಾನು ಕೇಳಲಿಲ್ಲ. ಹುರಿದೆ, ಹವೀಜದ ಮೇಲೆ ಕೈ ಬಿಗಿ ಹಿಡಿದೆ. ಗಿರಣಿಗೆ ಹೊರಟಾಗ ಅತ್ತೆ ಕೋಲು ಹಿಡಿದು "ನಾನೂ ಬರ್ತೀನಿ" ಎಂದು ಆಟೋ ಹತ್ತಿದರು. ನನ್ನ ಮೇಲೆ ಭರವಸೆ ಇಲ್ಲದೆ ಕಾವಲಿಗೆ ಬಂದಿದ್ದಾರೆ ಎಂದುಕೊಂಡು ದಾರಿಯುದ್ದ ಮುಖ ಊದಿಸಿಕೊಂಡೇ ಕೂತೆ.

ಬೇವಿನ ಗಿಡದ ಕೆಳಗೆ ನ್ಯಾಲ್ಕಲ್ ಕಡೆಯ ಆಕೆ ಮೊದಲೇ ಬಂದು ನಿಂತಿದ್ದಳು. ಅತ್ತೆಯೇ ಫೋನ್ ಮಾಡಿ ಕರೆಸಿದ್ದರಂತೆ. "ನಿನ್ನ ಆಟೋ ಹೋಗ್ತದ, ನಿಂದು ಮೊದಲು ಬೀಸ್ಲಿ" ಎಂದು ಅವರೇ ಪಾಳಿ ಬಿಟ್ಟುಕೊಟ್ಟರು. ಆಕೆ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು. ಆಕೆಯ ಖಾರ ಬೀಸಿ ಮುಗಿಯಿತು. ಕಪ್ಪುಗೆಂಪು ಪುಡಿ ಗಿರಣಿಯ ಬಾಯಿಗೆಲ್ಲ ಮೆತ್ತಿತ್ತು. ಮುಂದಿನದು ನಮ್ಮದು. ಚಾಚಾ ಎಂದಿನಂತೆ ಬುಟ್ಟಿ ಚಾಚಿದ: "ಲಾವ್ ಅಮ್ಮಾ, ಜ್ವಾಳ ಕೊಡ್ರಿ. ಗಿರಣಿ ತೊಳಿಯಮು."

ಚೀಲಕ್ಕೆ ಕೈ ಹಾಕಿದೆ. ಜೋಳ ಇಲ್ಲ. ಬೆಳಿಗ್ಗೆ ನಾನೇ ಸೇರು ತುಂಬಿ ಇಟ್ಟಿದ್ದೆ, ಕಣ್ಣಾರೆ ನೋಡಿದ್ದೆ. ಮೆಣಸಿನಕಾಯಿ ಚೀಲ ತಡಕಿದೆ, ಡಬ್ಬಿಯೊಳಗೆ ನೋಡಿದೆ, ಎಲ್ಲೂ ಇಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇವತ್ತೇ ಮರೆಯಬೇಕೇ, ಅದೂ ಅತ್ತೆಯವರ ಮುಂದೆ!

"ಹುಡುಕಬ್ಯಾಡ" ಎಂದರು ಅತ್ತೆ. "ಜ್ವಾಳ ನಾನೇ ತಗದಿಟ್ಟು ಬಂದೀನಿ." ಆಮೇಲೆ ಕೋಲೂರಿ ಎದ್ದು ನಿಂತು, ಗಿರಣಿಯ ಸದ್ದಿನ ಮೇಲೂ ಕೇಳುವಂತೆ ಕೂಗಿದರು: "ಹಂಗೇ ಹಾಕೋ ಭಾಯ್. ನನ್ನ ಸೊಸಿ ಖಾರ ಅದ, ಹಂಗೇ ಹಾಕು."